ಕೊಟ್ಟ ಮೇಲೆ ಕೇಳಬಾರದೇ?

(ಸಂಘದ ವಾರ್ಷಿಕ ಮಹಾಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ದಾನದ ಮಹತ್ವದ ಬಗ್ಗೆ ನಾಲ್ಕು ಮಾತು ಹೇಳಬೇಕೆಂದು ಕಾರ್ಯದರ್ಶಿಯವರು ಕೇಳಿಕೊಂಡಿದ್ದರು. ಆದರೆ ದಾನದ ಮಹತ್ವವನ್ನು ನೀವು ಪ್ರತಿ ರಮಝಾನಿನಲ್ಲೂ ನನಗಿಂತ ಚೆನ್ನಾಗಿ ಬಲ್ಲ ಉಲಮಾಗಳ ಬಾಯಿಂದ ಕೇಳುತ್ತೀರಿ. ನಮ್ಮಲ್ಲಿ ಕೊಡುವ ಕೈಗಳಿಗೆ ಕೊರತೆಯಿಲ್ಲ. ಮೀನು ಮಾರುವವರೂ, ಬೀಡಿ ಕಟ್ಟುವ ತಾಯಂದಿರೂ, ಗಲ್ಫಿನಲ್ಲಿ ಒಂದು ಕೋಣೆಯಲ್ಲಿ ಎಂಟು ಮಂದಿ ಇದ್ದುಕೊಂಡು ಊರಿಗೆ ಹಣ ಕಳುಹಿಸುವ ಹುಡುಗರೂ ಕೊಡುತ್ತಾರೆ. ಆದ್ದರಿಂದ ಕೊಡಿ ಎಂದು ನಾನು ಹೇಳುವುದಿಲ್ಲ. ಕೊಟ್ಟ ಹಣ ಎಲ್ಲಿಗೆ ಹೋಯಿತು ಎಂದು ಕೇಳುವ ಬಗ್ಗೆ ಮಾತನಾಡುತ್ತೇನೆ. ಇದು ಸ್ವಲ್ಪ ಮುಜುಗರದ ವಿಷಯ. ಅದಕ್ಕಾಗಿ ಮೊದಲು ನನ್ನದೇ ಮುಜುಗರದ ಕಥೆಯನ್ನು ಹೇಳಿಬಿಡುತ್ತೇನೆ.

ಹಲವು ವರ್ಷಗಳ ಹಿಂದಿನ ಮಾತು. ರಮಝಾನಿನ ಎರಡನೇ ವಾರ ಬಂತೆಂದರೆ ನನ್ನ ಅಂಗಡಿಗೆ ಒಬ್ಬರು ಬರುತ್ತಿದ್ದರು. ದೂರದ ರಾಜ್ಯದವರು. ಮೃದುವಾದ ಮಾತು, ಕೈಯಲ್ಲಿ ರಸೀದಿ ಪುಸ್ತಕ, ಚೀಲದಲ್ಲಿ ಒಂದು ಆಲ್ಬಂ. ಆಲ್ಬಮ್ಮಿನಲ್ಲಿ ಸಾಲಾಗಿ ಕುಳಿತು ಊಟ ಮಾಡುವ ಮಕ್ಕಳ ಚಿತ್ರಗಳು. ಇನ್ನೂರು ಯತೀಮ್ ಮಕ್ಕಳಿರುವ ಸಂಸ್ಥೆ ಎನ್ನುತ್ತಿದ್ದರು. ತಸ್ದೀಕ್ ಪತ್ರವೂ ಇತ್ತು, ಲ್ಯಾಮಿನೇಶನ್ ಮಾಡಿಸಿದ್ದು. ಆರು ವರ್ಷ ನನ್ನ ಝಕಾತಿನ ಒಂದು ಭಾಗವನ್ನು ಅವರ ಕೈಗೆ ಕೊಟ್ಟೆ. ಏಳನೆಯ ವರ್ಷ ನನ್ನ ಭಾವ ವ್ಯಾಪಾರದ ನಿಮಿತ್ತ ಆ ಕಡೆಗೆ ಹೋದವರು, ರಸೀದಿಯ ಮೇಲಿದ್ದ ವಿಳಾಸ ಹುಡುಕಿಕೊಂಡು ಹೋದರು. ಅಲ್ಲಿದ್ದದ್ದು ಬೀಗ ಹಾಕಿದ ಒಂದು ಹಾಲ್, ಬಾಗಿಲ ಪಕ್ಕದಲ್ಲಿ ಒಂದು ಶಿಲಾನ್ಯಾಸದ ಕಲ್ಲು. ಎದುರಿನ ಬೀಡಾ ಅಂಗಡಿಯವನು, “ಮಕ್ಕಳೇ? ವರ್ಷಕ್ಕೊಮ್ಮೆ ಫೋಟೋ ತೆಗೆಯುವ ದಿನ ಬರುತ್ತಾರೆ” ಎಂದನಂತೆ.

ಮೋಸ ಹೋದದ್ದಕ್ಕಿಂತ ದೊಡ್ಡ ತಪ್ಪನ್ನು ನಾನು ಆಮೇಲೆ ಮಾಡಿದೆ. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಮರುವರ್ಷ ಅದೇ ಮನುಷ್ಯ ನನ್ನ ಅಂಗಡಿಯನ್ನು ಬಿಟ್ಟು ಪಕ್ಕದ ಮೂರು ಅಂಗಡಿಗಳಲ್ಲಿ ಸಂಗ್ರಹ ಮಾಡಿಕೊಂಡು ಹೋದ. ನಾನು ಗಲ್ಲಾದಲ್ಲಿ ಕುಳಿತು ನೋಡುತ್ತಿದ್ದೆ.

ಇದರಿಂದ ದೂರದಿಂದ ಬರುವವರೆಲ್ಲ ಮೋಸಗಾರರು ಎಂದು ತಿಳಿಯಬೇಡಿ. ಆ ಸಾಲಿನಲ್ಲಿ ನಿಜವಾದ ಮದ್ರಸಗಳ ಉಸ್ತಾದರೂ ಇರುತ್ತಾರೆ. ಉಪವಾಸವಿದ್ದುಕೊಂಡು, ರೈಲಿನ ಸಾಮಾನ್ಯ ಬೋಗಿಯಲ್ಲಿ ಎರಡು ದಿನ ಪ್ರಯಾಣ ಮಾಡಿ ಬಂದವರು. ನಕಲಿಯವನಿಗೆ ನಾವು ಕೊಟ್ಟ ಪ್ರತಿಯೊಂದು ರೂಪಾಯಿಯೂ ಈ ಅಸಲಿಯವರ ಪಾಲಿನದು. ನಮ್ಮ ನಷ್ಟವನ್ನು ಅಲ್ಲಾಹನು ನಮ್ಮ ನಿಯ್ಯತ್ ನೋಡಿ ತುಂಬಿಕೊಟ್ಟಾನು. ಆದರೆ ಆ ಮಕ್ಕಳ ಊಟ?

“ಕೊಟ್ಟಿದ್ದೇನೆ, ಇನ್ನು ಅದು ಅವರ ಮತ್ತು ಅಲ್ಲಾಹನ ನಡುವಿನ ವಿಷಯ” ಎಂದು ಹೇಳುವವರಿದ್ದಾರೆ. ಕೇಳಲು ಚೆನ್ನಾಗಿದೆ. ಆದರೆ ಪ್ರವಾದಿ(ಸ)ಯವರ ರೀತಿ ಅದಾಗಿರಲಿಲ್ಲ. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಬರುವ ಘಟನೆ ನಿಮಗೆ ಗೊತ್ತಿರಬಹುದು. ಅಝ್ದ್ ಗೋತ್ರದ ಇಬ್ನುಲ್ ಲುತ್‌ಬಿಯ್ಯ ಎಂಬವರನ್ನು ಝಕಾತ್ ಸಂಗ್ರಹಕ್ಕೆ ಕಳುಹಿಸಲಾಗಿತ್ತು. ಅವರು ಮರಳಿ ಬಂದು, ಇಷ್ಟು ನಿಮ್ಮದು, ಇಷ್ಟು ನನಗೆ ಉಡುಗೊರೆಯಾಗಿ ಬಂದದ್ದು ಎಂದು ಎರಡು ಪಾಲು ಮಾಡಿದರು. ಪ್ರವಾದಿ(ಸ)ಯವರು ಸುಮ್ಮನಿರಲಿಲ್ಲ. ಮಿಂಬರಿನ ಮೇಲೆ ನಿಂತು ಎಲ್ಲರ ಮುಂದೆ ಕೇಳಿದರು: ಇವರು ತಮ್ಮ ತಂದೆ ತಾಯಿಯ ಮನೆಯಲ್ಲೇ ಕುಳಿತಿದ್ದರೆ ಈ ಉಡುಗೊರೆ ಬರುತ್ತಿತ್ತೇ? ಲೆಕ್ಕ ಕೇಳಿದ್ದು ಅಪರಿಚಿತನಲ್ಲಿ ಅಲ್ಲ, ತಾವೇ ಆರಿಸಿ ಕಳುಹಿಸಿದ ಸಹಾಬಿಯಲ್ಲಿ. ಹಾಗಿರುವಾಗ ರಸೀದಿ ಪುಸ್ತಕ ಹಿಡಿದುಬಂದ ಅಪರಿಚಿತನಲ್ಲಿ, “ಸಂಗ್ರಹದಲ್ಲಿ ನಿಮಗೆಷ್ಟು ಪಾಲು?” ಎಂದು ಕೇಳುವುದು ಹೇಗೆ ಅಗೌರವವಾಗುತ್ತದೆ?

ಸಂಗ್ರಹ ಮಾಡುವವರಿಗೆ ಸಂಬಳ ಇರಬಾರದೆಂದಲ್ಲ. ಸೂರಃ ಅತ್ತೌಬಾದ 60ನೇ ಸೂಕ್ತದಲ್ಲಿ ಝಕಾತಿನ ಎಂಟು ಹಕ್ಕುದಾರರ ಪಟ್ಟಿಯಿದೆ. ಅದರಲ್ಲಿ ಫಕೀರರು, ಮಿಸ್ಕೀನರ ನಂತರ ಮೂರನೆಯವರಾಗಿ ಬರುವವರು ಝಕಾತಿನ ಕೆಲಸ ಮಾಡುವವರೇ. ಅಂದರೆ ಕೆಲಸಕ್ಕೆ ಖರ್ಚಿದೆ ಎಂಬುದನ್ನು ನಮ್ಮ ದೀನ್ ಮೊದಲೇ ಒಪ್ಪಿಕೊಂಡಿದೆ. ಆದರೆ ಅದು ನ್ಯಾಯವಾದ ಕೂಲಿಯಾಗಿರಬೇಕು. ನೂರು ರೂಪಾಯಿ ಸಂಗ್ರಹವಾದರೆ ಅದರಲ್ಲಿ ಇಷ್ಟು ನನಗೆ ಎಂಬ ಕಮಿಷನ್ ವ್ಯವಹಾರ ಬಂತೆಂದರೆ, ಸಂಗ್ರಹ ಮಾಡುವವನಿಗೆ ಮಕ್ಕಳಿಗಿಂತ ಆಲ್ಬಂ ಮುಖ್ಯವಾಗುತ್ತದೆ.

ಇದು ನಮ್ಮ ಸಮುದಾಯಕ್ಕೆ ಮಾತ್ರ ಅಂಟಿದ ರೋಗವೂ ಅಲ್ಲ, ಬಡ ದೇಶದ ರೋಗವೂ ಅಲ್ಲ. 2015ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಏನಾಯಿತು ನೋಡಿ. ಕ್ಯಾನ್ಸರ್ ರೋಗಿಗಳ ಹೆಸರಿನಲ್ಲಿ ಹಣ ಎತ್ತುತ್ತಿದ್ದ ನಾಲ್ಕು ಸಂಸ್ಥೆಗಳ ಮೇಲೆ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮತ್ತು ಐವತ್ತೂ ರಾಜ್ಯಗಳು ಸೇರಿ ಮೊಕದ್ದಮೆ ಹೂಡಿದವು. 2008ರಿಂದ 2012ರವರೆಗೆ ಈ ನಾಲ್ಕು ಸಂಸ್ಥೆಗಳು ಎತ್ತಿದ ಹಣ 18 ಕೋಟಿ 70 ಲಕ್ಷ ಡಾಲರ್. ಅದರಲ್ಲಿ ರೋಗಿಗಳಿಗೆ ತಲುಪಿದ್ದು ಶೇಕಡಾ 3ರ ಆಸುಪಾಸು. ಉಳಿದದ್ದು ಫೋನ್ ಮಾಡಿ ಹಣ ಕೇಳುವ ಕಂಪೆನಿಗಳಿಗೆ, ನಡೆಸುವವರ ಮತ್ತು ಅವರ ಬಂಧುಗಳ ಸಂಬಳಕ್ಕೆ, ಕಾರಿಗೆ, ಹಡಗಿನ ವಿಹಾರಕ್ಕೆ ಹೋಯಿತು. ಆ ಸಂಸ್ಥೆಗಳ ಹೆಸರುಗಳು ಹೇಗಿದ್ದವೆಂದರೆ, ಕೇಳಿದವರಿಗೆ ಹೆಸರಾಂತ ಪ್ರಾಮಾಣಿಕ ಸಂಸ್ಥೆಯ ನೆನಪಾಗಬೇಕು. ನಮ್ಮಲ್ಲೂ ಹೆಸರಿನ ಈ ಆಟ ಇದೆ. ಒಂದು ಒಳ್ಳೆಯ ಟ್ರಸ್ಟ್ ಹೆಸರು ಮಾಡಿತೆಂದರೆ ಮರುವರ್ಷ ಅದೇ ಹೆಸರಿಗೆ ಒಂದು “ವೆಲ್ಫೇರ್” ಸೇರಿಸಿಕೊಂಡು ಇನ್ನೊಂದು ಹುಟ್ಟುತ್ತದೆ.

ಗಡ್ಡ, ಟೋಪಿ, ಸಲಾಮ್ ಇವುಗಳನ್ನೇ ನೋಡಿ ಹಣ ಕೊಡುವ ನಮ್ಮ ಅಭ್ಯಾಸಕ್ಕೆ 2019ರಲ್ಲಿ ಬೆಂಗಳೂರಿನ ಐಎಂಎ ಪ್ರಕರಣದಲ್ಲಿ ಬಿದ್ದ ಏಟನ್ನು ಮರೆತಿಲ್ಲವಷ್ಟೆ. ಅದು ದಾನವಲ್ಲ, ಹೂಡಿಕೆ, ನಿಜ. ಆದರೆ ಜನ ನಂಬಿದ್ದು ಹೇಗೆ? ‘ಹಲಾಲ್’ ಎಂಬ ಮಾತಿನಿಂದ, ಮತ್ತು ಆ ಕಂಪೆನಿ ಶಿವಾಜಿನಗರದ ಸರಕಾರಿ ಶಾಲೆಗೆ ಖರ್ಚು ಮಾಡಿದ್ದನ್ನು ಕಣ್ಣಾರೆ ಕಂಡದ್ದರಿಂದ. ಒಂದು ಒಳ್ಳೆಯ ಕೆಲಸ ಕಣ್ಣಿಗೆ ಬಿತ್ತೆಂದು ಲೆಕ್ಕಪುಸ್ತಕವನ್ನು ಯಾರೂ ಕೇಳಲಿಲ್ಲ. ಮಗಳ ಮದುವೆಗೆಂದು ಇಟ್ಟ ಹಣ ಕಳೆದುಕೊಂಡವರು ನಮ್ಮ ನಡುವೆಯೇ ಇದ್ದಾರೆ.

ಇಲ್ಲಿಯವರೆಗೆ ಹೇಳಿದ್ದು ಕಳ್ಳರ ವಿಷಯ. ಅದು ಸುಲಭದ ಭಾಗ. ಕಳ್ಳತನವೇ ಇಲ್ಲದೆ, ಎಲ್ಲರೂ ಪ್ರಾಮಾಣಿಕರಾಗಿದ್ದೂ ಹಣ ದಂಡವಾಗುವುದಿದೆ. ವಿದ್ಯಾರ್ಥಿಗಳೇ, ನಿಮಗಾಗಿಯೇ ಈ ಭಾಗವನ್ನು ವಿವರವಾಗಿ ಹೇಳುತ್ತೇನೆ, ನಾಳೆ ಸಂಸ್ಥೆಗಳನ್ನು ನಡೆಸುವವರು ನೀವು.

ದಕ್ಷಿಣ ಆಫ್ರಿಕದಲ್ಲಿ ‘ಪ್ಲೇಪಂಪ್’ ಎಂಬ ಒಂದು ಸಾಧನ ಬಂತು. ಮಕ್ಕಳು ಕುಳಿತು ಗಿರಗಿರನೆ ತಿರುಗುವ ಆಟದ ಚಕ್ರ ಇರುತ್ತದಲ್ಲ, ಅದಕ್ಕೆ ಕೊಳವೆಬಾವಿಯ ಪಂಪನ್ನು ಜೋಡಿಸಿದ್ದು. ಮಕ್ಕಳು ಆಡಿದಂತೆ ನೀರು ಮೇಲಿನ ಟ್ಯಾಂಕಿಗೆ ಏರುತ್ತದೆ. ಎಷ್ಟು ಚೆಂದದ ಯೋಚನೆ! 2000ದಲ್ಲಿ ವಿಶ್ವಬ್ಯಾಂಕಿನ ಪ್ರಶಸ್ತಿ ಬಂತು. 2006ರಲ್ಲಿ ಅಮೆರಿಕದ ಅಧ್ಯಕ್ಷರ ಪತ್ನಿಯೇ ವೇದಿಕೆಗೆ ಬಂದು 1 ಕೋಟಿ 64 ಲಕ್ಷ ಡಾಲರಿನ ಯೋಜನೆಯನ್ನು ಘೋಷಿಸಿದರು. 2010ರ ಹೊತ್ತಿಗೆ ನಾಲ್ಕು ಸಾವಿರ ಪಂಪುಗಳು ಎಂದು ಗುರಿ. ಆಮೇಲೆ ಊರುಗಳಿಗೆ ಹೋಗಿ ನೋಡಿದರೆ, ಮಕ್ಕಳು ಶಾಲೆಯಲ್ಲಿರುವಾಗ ಚಕ್ರ ತಿರುಗಿಸುವವರಿಲ್ಲ. ಮಕ್ಕಳಿಗೂ ಸ್ವಲ್ಪ ಹೊತ್ತಿನಲ್ಲಿ ಬೇಸರ, ಆಯಾಸ. ಕೊಡ ಹಿಡಿದು ಬಂದ ಹೆಂಗಸರು, ವಯಸ್ಸಾದವರು ಬಗ್ಗಿ ಆ ಚಕ್ರವನ್ನು ದೂಡಬೇಕಾಯಿತು. ಕೆಟ್ಟರೆ ರಿಪೇರಿಗೆ ಜನ ಸಿಗುತ್ತಿರಲಿಲ್ಲ. ಬೆಲೆಯೋ, ಸಾಮಾನ್ಯ ಕೈಪಂಪಿನ ಸುಮಾರು ನಾಲ್ಕು ಪಟ್ಟು. ಒಂದು ಪಂಪು 2,500 ಜನರಿಗೆ ನೀರು ಕೊಡಬೇಕೆಂಬ ಗುರಿ ಮುಟ್ಟಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕೆಂದು 2009ರಲ್ಲಿ ಗಾರ್ಡಿಯನ್ ಪತ್ರಿಕೆ ಲೆಕ್ಕ ಹಾಕಿ ತೋರಿಸಿತು. ದಿನಕ್ಕಿರುವುದೇ 24! ಈ ಯೋಜನೆಯಲ್ಲಿ ಯಾರೂ ಹಣ ಕದ್ದಿರಲಿಲ್ಲ. ಹಣವೆಲ್ಲ ಪಂಪಿಗೇ ಹೋಗಿತ್ತು. ಆ ನೀರು ಬಳಸುವ ಹೆಂಗಸರನ್ನು ಒಮ್ಮೆ ಸರಿಯಾಗಿ ಕೇಳಿದ್ದರೆ ಸಾಕಿತ್ತು.

ನಮ್ಮಲ್ಲೂ ಕಂಡಿದ್ದೇವೆ. 2004ರ ಸುನಾಮಿಯ ಬಳಿಕ ತಮಿಳುನಾಡಿನ ನಾಗಪಟ್ಟಣದ ಕಡೆ ದೇಶದ ಎಲ್ಲೆಡೆಯಿಂದ ಬಂದ ಹಳೆಯ ಬಟ್ಟೆಗಳು ಮುಟ್ಟುವವರಿಲ್ಲದೆ ರಸ್ತೆ ಬದಿಯಲ್ಲಿ ರಾಶಿ ಬಿದ್ದವು. ಎಲ್ಲ ಕಳೆದುಕೊಂಡ ಮೀನುಗಾರನಿಗೆ ಬೇಕಿದ್ದದ್ದು ದೋಣಿ, ಬಲೆ. ನಮ್ಮ ಕಪಾಟಿನಲ್ಲಿ ಹೆಚ್ಚಾದ ಪ್ಯಾಂಟಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಲಾರಿಗಟ್ಟಲೆ ಅಕ್ಕಿ, ಬಿಸ್ಕತ್ತು, ಬಟ್ಟೆ ಹೋಯಿತು. ಸಾಕು, ಇನ್ನು ಕಳುಹಿಸಬೇಡಿ ಎಂದು ಆಡಳಿತದವರೇ ಹೇಳಬೇಕಾಯಿತು. ಮನೆ ಕಳೆದುಕೊಂಡವರ ಕಷ್ಟ ಬಿಸ್ಕತ್ತು ಮುಗಿದ ಮೇಲೆ ಶುರುವಾಗುವುದು. ಆಗ ಲಾರಿಗಳಿರುವುದಿಲ್ಲ, ಬ್ಯಾನರುಗಳೂ ಇರುವುದಿಲ್ಲ.

ಇನ್ನು ಸರಿಯಾಗಿ ಮಾಡಿದ ಒಂದು ಉದಾಹರಣೆ. ರಾಜಸ್ಥಾನದ ಉದಯಪುರದಲ್ಲಿ ‘ಸೇವಾ ಮಂದಿರ’ ಎಂಬ ಹಳೆಯ ಸಂಸ್ಥೆಯಿದೆ. ಅಲ್ಲಿನ ಹಳ್ಳಿಗಳಲ್ಲಿ ಆಗ ಮಕ್ಕಳಿಗೆ ಚುಚ್ಚುಮದ್ದು ಹಾಕಿಸುವವರು ತೀರಾ ಕಡಿಮೆಯಿದ್ದರು. ಈ ಸಂಸ್ಥೆ, ಮುಂದೆ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೋ ಅವರ ಜೊತೆ ಸೇರಿ ಒಂದು ಪರೀಕ್ಷೆ ಮಾಡಿತು. ಕೆಲವು ಹಳ್ಳಿಗಳಲ್ಲಿ ತಿಂಗಳಿಗೊಮ್ಮೆ ತಪ್ಪದೆ ಚುಚ್ಚುಮದ್ದಿನ ಶಿಬಿರ. ಇನ್ನು ಕೆಲವು ಹಳ್ಳಿಗಳಲ್ಲಿ ಅದೇ ಶಿಬಿರ, ಜೊತೆಗೆ ಪ್ರತಿ ಸಲ ಬಂದ ತಾಯಿಗೆ ಒಂದು ಕಿಲೋ ಬೇಳೆ, ಎಲ್ಲ ಚುಚ್ಚುಮದ್ದು ಮುಗಿದಾಗ ಊಟದ ತಟ್ಟೆ. ಏನೂ ಮಾಡದ ಹಳ್ಳಿಗಳಲ್ಲಿ ಪೂರ್ತಿ ಚುಚ್ಚುಮದ್ದು ಆದ ಮಕ್ಕಳು ಶೇಕಡಾ 6. ಬರೀ ಶಿಬಿರವಿದ್ದಲ್ಲಿ ಶೇಕಡಾ 18. ಬೇಳೆಯೂ ಇದ್ದಲ್ಲಿ 39. ನಮ್ಮ ಕಮಿಟಿಯ ಮುಂದೆ ಈ ಪ್ರಸ್ತಾಪ ಬಂದಿದ್ದರೆ, “ಬೇಳೆ ಯಾಕೆ? ಅನಗತ್ಯ ಖರ್ಚು” ಎಂದು ನಾನೇ ತೆಗೆದುಹಾಕುತ್ತಿದ್ದೆ. ಆದರೆ ಲೆಕ್ಕ ಹಾಕಿದಾಗ ಪೂರ್ತಿ ಚುಚ್ಚುಮದ್ದು ಆದ ಒಂದೊಂದು ಮಗುವಿಗೆ ತಗಲಿದ ವೆಚ್ಚ ಬೇಳೆ ಕೊಟ್ಟ ಹಳ್ಳಿಗಳಲ್ಲೇ ಅರ್ಧದಷ್ಟು! ಯಾಕೆಂದರೆ ನರ್ಸಿನ ದಿನದ ಸಂಬಳ ಹತ್ತು ಮಕ್ಕಳು ಬಂದರೂ ಅಷ್ಟೇ, ಮೂವತ್ತು ಮಕ್ಕಳು ಬಂದರೂ ಅಷ್ಟೇ.

ಆದ್ದರಿಂದ “ನಮ್ಮಲ್ಲಿ ಆಡಳಿತ ವೆಚ್ಚವೇ ಇಲ್ಲ, ನೂರಕ್ಕೆ ನೂರೂ ಬಡವರಿಗೆ” ಎನ್ನುವ ಸಂಸ್ಥೆಯನ್ನು ಕಂಡರೆ ನನಗೆ ಈಗ ಸಂತೋಷಕ್ಕಿಂತ ಅನುಮಾನವೇ ಹೆಚ್ಚು. ಲೆಕ್ಕ ಬರೆಯುವ ಗುಮಾಸ್ತನಿಲ್ಲದಿದ್ದರೆ ಲೆಕ್ಕ ಎಲ್ಲಿಂದ ಬಂತು? ವಿದೇಶಿ ದೇಣಿಗೆಯ ಕಾಯ್ದೆಯಲ್ಲಿ ಆಡಳಿತ ವೆಚ್ಚಕ್ಕೆ ಮೊದಲು ಶೇಕಡಾ 50ರ ಮಿತಿಯಿತ್ತು, 2020ರ ತಿದ್ದುಪಡಿಯಲ್ಲಿ ಅದನ್ನು ಶೇಕಡಾ 20ಕ್ಕೆ ಇಳಿಸಲಾಯಿತು. ಮಿತಿ ಇರಬೇಕು, ಸರಿ. ಆದರೆ ಶೇಕಡಾವಾರು ನೋಡಿಯೇ ಸಂಸ್ಥೆಯನ್ನು ಅಳೆಯಬೇಡಿ. ಶಾಲೆ ನಡೆಸುವ ಸಂಸ್ಥೆಯಲ್ಲಿ ಟೀಚರಿಗೆ ಕೊಡುವ ಸಂಬಳ ಖರ್ಚಲ್ಲ, ಅದೇ ಕೆಲಸ.

ಈಗ ನಮ್ಮದೇ ಸಂಘದ ಕಥೆಗೆ ಬರುತ್ತೇನೆ. ಪದಾಧಿಕಾರಿಗಳು ಕ್ಷಮಿಸಬೇಕು, ಆಗ ನಾನೂ ಕಮಿಟಿಯಲ್ಲಿದ್ದೆ. ಹಲವು ವರ್ಷ ನಾವು ಉಚಿತ ನೋಟು ಪುಸ್ತಕ ವಿತರಣೆ ಮಾಡಿದೆವು. ಶಾಲೆ ಶುರುವಾಗುವುದು ಜೂನ್ ಆಸುಪಾಸಿನಲ್ಲಿ. ನಮ್ಮ ಸಮಾರಂಭ ಆಗುತ್ತಿದ್ದದ್ದು ಆಗಸ್ಟಿನಲ್ಲಿ, ಒಮ್ಮೆ ಅಕ್ಟೋಬರಿನಲ್ಲಿ, ಯಾಕೆಂದರೆ ಮುಖ್ಯ ಅತಿಥಿಗಳ ದಿನಾಂಕ ಸಿಗಬೇಕಲ್ಲ! ಅಷ್ಟರಲ್ಲಿ ಮಕ್ಕಳು ಸಾಲ ಮಾಡಿ ಪುಸ್ತಕ ಕೊಂಡಾಗಿರುತ್ತಿತ್ತು. ಶಾಮಿಯಾನ, ಧ್ವನಿವರ್ಧಕ, ಶಾಲು, ಸ್ಮರಣಿಕೆ, ಬಿರಿಯಾನಿ ಎಲ್ಲ ಸೇರಿಸಿದಾಗ ಒಂದು ವರ್ಷ ಸಮಾರಂಭದ ಖರ್ಚು ಪುಸ್ತಕದ ಖರ್ಚಿಗಿಂತ ಹೆಚ್ಚಾಯಿತು. ಅದೇ ವರ್ಷ ಒಬ್ಬಳು ಹುಡುಗಿ, ಪಿಯುಸಿ ಮುಗಿಸಿದವಳು, ನರ್ಸಿಂಗಿಗೆ ಸೀಟು ಸಿಕ್ಕಿ ಮೊದಲ ಕಂತಿಗೆ ಏಳು ಸಾವಿರ ರೂಪಾಯಿ ಕಡಿಮೆಯಾಗಿದೆ ಎಂದು ಅರ್ಜಿ ಕೊಟ್ಟಿದ್ದಳು. ಮಂಜೂರೂ ಆಗಿತ್ತು. ಚೆಕ್ಕನ್ನು ಸಮಾರಂಭದಲ್ಲಿ ವೇದಿಕೆಯಲ್ಲೇ ಕೊಡೋಣ ಎಂದು ಕಪಾಟಿನಲ್ಲಿಟ್ಟೆವು. ಫೀಸು ಕಟ್ಟುವ ಕೊನೆಯ ದಿನಾಂಕ ಸಮಾರಂಭಕ್ಕಿಂತ ಹನ್ನೊಂದು ದಿನ ಮೊದಲೇ ಇತ್ತು. ನಾವ್ಯಾರೂ ಅದನ್ನು ನೋಡಿರಲಿಲ್ಲ. ಸೀಟು ಹೋಯಿತು. ಆ ಮಗು ಒಂದು ವರ್ಷ ಮನೆಯಲ್ಲಿ ಕುಳಿತಳು. ಸಮಾರಂಭದ ದಿನ ಬಂದು ಚೆಕ್ಕನ್ನು ಮರಳಿಸಿ ಹೋದಳು. “ಇನ್ಯಾರಿಗಾದರೂ ಕೊಡಿ ಸರ್, ಬೇಗ ಕೊಡಿ” ಎಂದಷ್ಟೇ ಹೇಳಿದಳು.

ನಮ್ಮ ಲೆಕ್ಕ ಆ ವರ್ಷವೂ ಚೊಕ್ಕವಾಗಿತ್ತು. ಒಂದು ಪೈಸೆ ಆಚೀಚೆ ಆಗಿರಲಿಲ್ಲ. ಆಡಿಟರ್ ಸಹಿ ಹಾಕಿದ್ದರು.

ಹಾಗಾದರೆ ನೀವು ಹೇಗೆ ಆರಿಸಬೇಕು? ಮೊದಲು ಕಾಗದಪತ್ರ. ಸಂಸ್ಥೆ ಟ್ರಸ್ಟ್ ಆಗಿಯೋ, ಸೊಸೈಟಿಯಾಗಿಯೋ ನೋಂದಣಿ ಆಗಿದೆಯೇ, ಅದರ ಹೆಸರಿನಲ್ಲೇ ಬ್ಯಾಂಕ್ ಖಾತೆ ಇದೆಯೇ ನೋಡಿ. ಸಂಸ್ಥೆಯ ಹೆಸರು ಹೇಳಿ ಯಾರದೋ ಸ್ವಂತ ಖಾತೆಯ ಕ್ಯೂಆರ್ ಕೋಡ್ ಕೊಟ್ಟರೆ ಅಲ್ಲಿಗೇ ನಿಲ್ಲಿಸಿ. ನೀತಿ ಆಯೋಗದ ‘ಎನ್‌ಜಿಒ ದರ್ಪಣ್’ ತಾಣದಲ್ಲಿ ಅನೇಕ ಸಂಸ್ಥೆಗಳ ವಿವರ ಸಿಗುತ್ತದೆ, ವಿದ್ಯಾರ್ಥಿಗಳು ಮನೆಯ ಹಿರಿಯರಿಗೆ ತೆರೆದು ತೋರಿಸಬಹುದು. ತೆರಿಗೆ ವಿನಾಯಿತಿಗೆ ನಾವು 80ಜಿ ಎಂದೇ ಕರೆದು ರೂಢಿಯಾದ ಮಾನ್ಯತೆ ಇದೆಯಲ್ಲ, 2025ರ ಹೊಸ ಕಾಯ್ದೆಯಲ್ಲಿ ಅದರ ಕಲಮಿನ ಸಂಖ್ಯೆ ಬದಲಾಗಿದೆ. ಆ ಮಾನ್ಯತೆ ಇರುವ ಸಂಸ್ಥೆಗಳು ದಾನಿಗಳ ವಿವರವನ್ನು ಇಲಾಖೆಗೆ ಸಲ್ಲಿಸಿ ದಾನಿಗೆ ಪ್ರಮಾಣಪತ್ರ ಕೊಡಬೇಕೆಂಬ ನಿಯಮ 2021–22ರಿಂದ ಬಂದಿದೆ. ಅದನ್ನು ಕೇಳಿ ಪಡೆಯಿರಿ. ಆದರೆ ಕಾಗದಗಳೆಲ್ಲ ಸರಿಯಿದ್ದರೆ ಸಂಸ್ಥೆ ಇದೆ ಎಂದು ತಿಳಿಯುತ್ತದೆ, ಕೆಲಸ ಆಗುತ್ತಿದೆ ಎಂದು ತಿಳಿಯುವುದಿಲ್ಲ.

ಕೆಲಸ ತಿಳಿಯಬೇಕಾದರೆ ಹೋಗಬೇಕು. ಆಗದಿದ್ದರೆ ಅಲ್ಲಿರುವ ಯಾರನ್ನಾದರೂ ಕೇಳಬೇಕು. ದಿನಾಂಕ ಹೇಳದೆ ಹೋದರೆ ಇನ್ನೂ ಒಳ್ಳೆಯದು. ಆಲ್ಬಂ ನೋಡಬೇಡಿ, ಹಾಜರಿ ಪುಸ್ತಕ ನೋಡಿ. ಎಷ್ಟು ಮಕ್ಕಳಿಗೆ ಕೊಟ್ಟಿರಿ ಎಂದು ಕೇಳುವ ಬದಲು, ಮೂರು ವರ್ಷದ ಹಿಂದೆ ಕೊಟ್ಟ ಮಕ್ಕಳು ಈಗ ಎಲ್ಲಿದ್ದಾರೆ ಎಂದು ಕೇಳಿ. ಝಕಾತಿನ ಹಣವನ್ನೂ ಕಟ್ಟಡದ ಹಣವನ್ನೂ ಬೇರೆ ಬೇರೆ ಇಟ್ಟಿದ್ದೀರಾ ಎಂದು ಕೇಳಿ. ಹನಫೀ ಉಲಮಾಗಳ ಪ್ರಕಾರ ಝಕಾತ್ ಬಡವನ ಒಡೆತನಕ್ಕೆ ಸೇರಬೇಕು, ಗೋಡೆಗೆ ಹೋಗುವಂತಿಲ್ಲ. ವಾಟ್ಸಾಪಿನಲ್ಲಿ ರೋಗಿಯ ಚಿತ್ರ ಬಂದರೆ, ಕಣ್ಣೀರು ಬಂದ ಕೂಡಲೇ ಹಣ ಹಾಕಬೇಡಿ. ಆಸ್ಪತ್ರೆಗೆ ಫೋನ್ ಮಾಡಿ ರೋಗಿ ಅಲ್ಲಿದ್ದಾರೆಯೇ ಎಂದು ಕೇಳಿ, ಸಾಧ್ಯವಾದರೆ ಬಿಲ್ಲಿನ ಲೆಕ್ಕಕ್ಕೆ ಆಸ್ಪತ್ರೆಗೇ ಕಟ್ಟಿ. ಹತ್ತು ಕಡೆ ನೂರು ನೂರು ಹಂಚುವ ಬದಲು, ಪರೀಕ್ಷಿಸಿ ಆರಿಸಿದ ಎರಡು ಕಡೆ ವರ್ಷ ವರ್ಷವೂ ಕೊಟ್ಟರೆ ನಿಮಗೆ ಕೇಳುವ ಹಕ್ಕೂ ಇರುತ್ತದೆ, ಅವರಿಗೆ ಯೋಜನೆ ಹಾಕುವ ಧೈರ್ಯವೂ ಇರುತ್ತದೆ. ಮನೆ ಬಾಗಿಲಿಗೆ ಬಂದ ಹಸಿದವನ ವಿಷಯ ಬೇರೆ. ಅವನಲ್ಲಿ ಲೆಕ್ಕ ಕೇಳಬೇಡಿ, ಊಟ ಕೊಡಿ.

ನಾನು ಈಗ ಪ್ರತಿವರ್ಷ ಕೊಡುವ ಒಂದು ಚಿಕ್ಕ ಸಂಸ್ಥೆಯಿದೆ. ಅವರಲ್ಲಿ ಆಲ್ಬಂ ಇಲ್ಲ. ವರ್ಷಕ್ಕೊಮ್ಮೆ ಒಂದು ಹಾಳೆಯ ವರದಿ ಅಂಚೆಯಲ್ಲಿ ಬರುತ್ತದೆ. ಮೊದಲ ಸಲ ಬಂದಾಗ ಅದರಲ್ಲಿ ಹೀಗಿತ್ತು: ನಲವತ್ತೊಂದು ಮಕ್ಕಳಿಗೆ ಫೀಸು ಕಟ್ಟಿದ್ದೇವೆ, ಮೂವತ್ತೈದು ಮಂದಿ ಪಾಸಾಗಿದ್ದಾರೆ, ನಾಲ್ವರು ಫೇಲಾದರು, ಇಬ್ಬರು ಓದು ಬಿಟ್ಟು ಕೆಲಸಕ್ಕೆ ಹೋದರು, ಅವರನ್ನು ಮರಳಿ ಕರೆತರಲು ನಮ್ಮಿಂದ ಆಗಲಿಲ್ಲ. ಆ ಕೊನೆಯ ವಾಕ್ಯ ಓದಿ ನನಗೆ ನಂಬಿಕೆ ಬಂತು.

ನಮ್ಮ ಸಂಘದಲ್ಲಿ ಆ ಹುಡುಗಿಯ ಘಟನೆಯ ಮರುವರ್ಷದಿಂದ ನೋಟು ಪುಸ್ತಕದ ಸಮಾರಂಭ ನಿಂತಿದೆ. ಅರ್ಜಿಯ ಮೇಲೆ ಮೊದಲು ನೋಡುವುದು ಫೀಸು ಕಟ್ಟುವ ಕೊನೆಯ ದಿನಾಂಕವನ್ನು. ಹಣ ನೇರ ಕಾಲೇಜಿಗೆ ಹೋಗುತ್ತದೆ, ವೇದಿಕೆಯಿಲ್ಲ, ಫೋಟೋ ಇಲ್ಲ. ಇದರಿಂದ ಕೆಲವು ದಾನಿಗಳಿಗೆ ಬೇಸರವಾಗಿ ಅವರು ಬೇರೆ ಕಡೆ ಹೋದದ್ದೂ ಇದೆ, ಮುಚ್ಚಿಡುವುದಿಲ್ಲ.

ಈ ವರ್ಷದ ಲೆಕ್ಕಪತ್ರವನ್ನು ಸಭಾಂಗಣದ ಹಿಂದಿನ ಮೇಜಿನ ಮೇಲೆ ಇಟ್ಟಿದ್ದೇವೆ. ಕೊಟ್ಟ ಅರ್ಜಿಗಳು, ತಿರಸ್ಕರಿಸಿದ ಅರ್ಜಿಗಳು, ತಡವಾದ ಮೂರು ಅರ್ಜಿಗಳು ಮತ್ತು ತಡವಾದ ಕಾರಣ ಎಲ್ಲವೂ ಅದರಲ್ಲಿವೆ. ಮಕ್ಕಳ ಹೆಸರು ಮಾತ್ರ ಇಲ್ಲ. ಖಜಾಂಚಿಯವರು ಅಲ್ಲೇ ಕುಳಿತಿರುತ್ತಾರೆ. ಊಟ ಒಂದೂವರೆಗೆ. ಅದಕ್ಕೆ ಮೊದಲು ಅರ್ಧ ಗಂಟೆ ಸಮಯವಿದೆ. ದಯವಿಟ್ಟು ಆ ಮೇಜಿನ ಬಳಿ ಹೋಗಿ, ಪುಟ ತಿರುಗಿಸಿ, ಅವರನ್ನು ಪ್ರಶ್ನೆ ಕೇಳಿ.